ಬಿರುಕಿನಲ್ಲಿ ವಿದ್ಯುತ್, ಬಣ್ಣದಲ್ಲಿ ತಂಪು

ಜಕ್ಕೂರು ಎಂದರೆ ಬೆಂಗಳೂರಿನವರಿಗೆ ನೆನಪಾಗುವುದು ಅಲ್ಲಿನ ಕೆರೆ, ಇಲ್ಲವೇ ತರಬೇತಿ ವಿಮಾನಗಳು ಏರಿಳಿಯುವ ಹಳೆಯ ಏರೋಡ್ರೋಮ್. ಅದೇ ಜಕ್ಕೂರಿನಲ್ಲಿ ಮೂರು ದಶಕಗಳಿಂದ ಸದ್ದಿಲ್ಲದೆ ಕೆಲಸ ಮಾಡುತ್ತಿರುವ ಸಂಸ್ಥೆಯೊಂದಿದೆ: ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ. ಉದ್ದದ ಹೆಸರನ್ನು ಅಲ್ಲಿನವರು ಜೆಎನ್‌ಸಿ ಎಂದು ಮೊಟಕುಗೊಳಿಸಿಕೊಂಡಿದ್ದಾರೆ. ಪ್ರಬಂಧಗಳ ಗುಣಮಟ್ಟವನ್ನು ಸಂಸ್ಥೆಯ ಗಾತ್ರಕ್ಕೆ ಹೊಂದಿಸಿ ಲೆಕ್ಕಹಾಕಿದ 2019ರ ನೇಚರ್ ಇಂಡೆಕ್ಸ್ ಪಟ್ಟಿಯಲ್ಲಿ ಈ ಪುಟ್ಟ ಕೇಂದ್ರ ಜಗತ್ತಿಗೇ 7ನೆಯದಾಗಿತ್ತು. ಜೀವವಿಜ್ಞಾನದಿಂದ ಎಂಜಿನಿಯರಿಂಗ್‌ವರೆಗೆ ಇಲ್ಲಿ ಹಲವು ವಿಭಾಗಗಳಿವೆ. ಆದರೆ ಕೇಂದ್ರಕ್ಕೆ ಹೆಸರು ತಂದದ್ದು ಮುಖ್ಯವಾಗಿ ವಸ್ತುವಿಜ್ಞಾನ.

ಪಠ್ಯಪುಸ್ತಕದ ಚಿತ್ರದಲ್ಲಿ ಹರಳು ಬಲು ಅಚ್ಚುಕಟ್ಟು. ಪ್ರತಿ ಪರಮಾಣುವೂ ತನ್ನ ಜಾಗದಲ್ಲೇ ಕೂತಿರುತ್ತದೆ. ಕೈಗೆ ಸಿಗುವ ವಸ್ತು ಹಾಗಿರುವುದಿಲ್ಲ. ಅದರಲ್ಲಿ ಪರಮಾಣುಗಳು ಜಾಗ ತಪ್ಪಿರುತ್ತವೆ, ಬೇರೆ ಧಾತು ನುಸುಳಿರುತ್ತದೆ, ಮೇಲ್ಮೈ ಸೀಳಿರುತ್ತದೆ. ಈ ಕುಂದುಗಳನ್ನು ಬೇಕಾದಂತೆ ಹೆಚ್ಚಿಸಿ, ತಗ್ಗಿಸಿ, ದುಡಿಸಿಕೊಳ್ಳುವುದೇ ವಸ್ತುವಿಜ್ಞಾನಿಯ ಕಸುಬು. ಮೊಬೈಲಿನೊಳಗಿನ ಚಿಪ್ ನಡೆಯುವುದೂ ಅಪ್ಪಟ ಸಿಲಿಕಾನ್‌ನಿಂದಲ್ಲ, ಅದಕ್ಕೆ ಅಳತೆಮಾಡಿ ಬೆರೆಸಿದ ಬೋರಾನ್, ರಂಜಕಗಳ ಕಲಬೆರಕೆಯಿಂದ. ಜಕ್ಕೂರಿನಿಂದ ಈಚಿನ ವರ್ಷಗಳಲ್ಲಿ ಹೊರಬಂದ ಕೆಲಸಗಳನ್ನು ಗಮನಿಸಿದರೆ ಎಲ್ಲದರ ಹಿಂದೆಯೂ ಈ ಕಸುಬಿನ ಕೈಚಳಕ ಕಾಣುತ್ತದೆ.

ಬಸವನಗುಡಿಯಿಂದ ಜಕ್ಕೂರಿಗೆ

ಕೇಂದ್ರದ ಕಥೆ ಸಿ.ಎನ್.ಆರ್. ರಾವ್ ಅವರ ಕಥೆಯೂ ಹೌದು. 1934ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ರಾವ್ ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿ ಓದಿದವರು. 1951ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಬಿಎಸ್‌ಸಿ ಮುಗಿಸಿ, ಬನಾರಸ್‌ನಲ್ಲಿ ಎಂಎಸ್‌ಸಿ ಮಾಡಿ, ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಿಂದ ಪಿಎಚ್‌ಡಿ ಪಡೆದು 1959ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಘನವಸ್ತುಗಳ ರಸಾಯನವಿಜ್ಞಾನವನ್ನು ಆಗ ಪ್ರತ್ಯೇಕ ಶಾಖೆಯೆಂದು ಗುರುತಿಸುವವರೇ ಕಡಿಮೆ. ರಾವ್ ಅದನ್ನೇ ಹಿಡಿದರು. ಕೆಲವು ವರ್ಷ ಕಾನ್ಪುರದ ಐಐಟಿಯಲ್ಲಿದ್ದು, 1976ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೇ ಮರಳಿ ಅದಕ್ಕೆಂದೇ ಒಂದು ವಿಭಾಗ ಕಟ್ಟಿದರು. 1984ರಿಂದ 94ರವರೆಗೆ ಆ ಸಂಸ್ಥೆಯ ನಿರ್ದೇಶಕರಾಗಿದ್ದರು.

ನೆಹರು ಜನ್ಮಶತಾಬ್ದಿಯ ವರ್ಷವಾದ 1989ರಲ್ಲಿ ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಹೊಸ ಕೇಂದ್ರವನ್ನು ಸ್ಥಾಪಿಸಿದಾಗ ರಾವ್ ಅದರ ಮೊದಲ ಅಧ್ಯಕ್ಷರಾದರು. 1,500ಕ್ಕೂ ಹೆಚ್ಚು ಸಂಶೋಧನಾ ಪ್ರಬಂಧಗಳನ್ನು ಬರೆದ ಅವರಿಗೆ 2014ರಲ್ಲಿ ಭಾರತರತ್ನ ಪ್ರದಾನವಾಯಿತು. ಆದರೆ ಅವರ ದೊಡ್ಡ ಕಾಣಿಕೆ ಪ್ರಬಂಧಗಳ ರಾಶಿಯಲ್ಲ. ವಸ್ತುವಿನ ಒಳಗನ್ನು ಪೂರ್ತಿ ಅರಿಯದೆ ಅದರ ಉಪಯೋಗದ ಮಾತಾಡಬಾರದೆಂಬ ಶಿಸ್ತನ್ನು ಒಂದು ತಲೆಮಾರಿಗೆ ಕಲಿಸಿದ್ದು ಅದಕ್ಕಿಂತ ದೊಡ್ಡದು.

ಸೀಳಿದ ಬಣ್ಣ, ಪಾರದರ್ಶಕ ತಂತಿ

ಮೊಬೈಲ್ ಪರದೆ ಬೆರಳಿನ ಸ್ಪರ್ಶವನ್ನು ಅರಿಯಬೇಕಾದರೆ ಅದರ ಗಾಜಿನ ಮೇಲೆ ಕಣ್ಣಿಗೆ ಕಾಣದ, ಆದರೆ ವಿದ್ಯುತ್ ಹರಿಯುವ ಲೇಪವಿರಬೇಕು. ಸದ್ಯಕ್ಕೆ ಆ ಲೇಪ ಇಂಡಿಯಂ ಮತ್ತು ತವರದ ಆಕ್ಸೈಡ್. ಇಂಡಿಯಂ ಅಪರೂಪದ ಧಾತು, ಬೆಲೆಯೂ ಹೆಚ್ಚು. ಬಾಗಿಸಿದರೆ ಲೇಪ ಒಡೆಯುತ್ತದೆ.

ಜಿ.ಯು. ಕುಲಕರ್ಣಿ ಮತ್ತು ಸಂಗಡಿಗರು ಹಿಡಿದ ದಾರಿ ಬೇರೆ. ಬೇಸಿಗೆಯಲ್ಲಿ ನೀರು ಬತ್ತಿದ ಕೆರೆಯಂಗಳ ಬಾಯಿಬಿಡುವಂತೆ, ಕೆಲವು ಅಕ್ರಿಲಿಕ್ ದ್ರಾವಣಗಳೂ ಒಣಗುವಾಗ ಸೀಳುತ್ತವೆ. ಒಂದು ಬಿರುಕು ಇನ್ನೊಂದನ್ನು ಮುಟ್ಟಿ ಇಡೀ ಮೇಲ್ಮೈ ಮೇಲೆ ಬಲೆಯಾಗುತ್ತದೆ. ಇದಕ್ಕೆ ಬೇಕಾದ ಸಾಮಗ್ರಿಗಾಗಿ ದೂರ ಹೋಗಬೇಕಿರಲಿಲ್ಲ, ಅಂಗಡಿಯಲ್ಲಿ ಸಿಗುವ ಒಂದು ಬಗೆಯ ನೇಲ್ ಪಾಲಿಷ್ ಸಾಕಾಯಿತು. ಗಾಜಿನ ಮೇಲೆ ಅದನ್ನು ತೆಳುವಾಗಿ ಹಚ್ಚಿ ಒಣಗಲು ಬಿಡುತ್ತಾರೆ. ಬಿರುಕು ಮೂಡಿದ ಮೇಲೆ ನಿರ್ವಾತದಲ್ಲಿ ಬೆಳ್ಳಿಯನ್ನೋ ತಾಮ್ರವನ್ನೋ ಆವಿಯಾಗಿಸಿ ಮೇಲೆ ಕೂರಿಸುತ್ತಾರೆ. ಕೊನೆಗೆ ಬಣ್ಣವನ್ನು ತೊಳೆದುಹಾಕಿದರೆ ಬಿರುಕಿನೊಳಗೆ ಇಳಿದ ಲೋಹ ಮಾತ್ರ ಉಳಿಯುತ್ತದೆ. ಕಣ್ಣಿಗೆ ಬೀಳದಷ್ಟು ಸಣ್ಣ ಎಳೆಗಳ ಲೋಹದ ಬಲೆ ಅದು. ಬೆಳಕು ಸಂದುಗಳಲ್ಲಿ ನುಗ್ಗುತ್ತದೆ, ವಿದ್ಯುತ್ತು ಎಳೆಗಳಲ್ಲಿ ಹರಿಯುತ್ತದೆ.

ಎಲ್ಲಿ ಸೀಳಬೇಕೆಂದು ಬಣ್ಣಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಹಾಗಾಗಿ ಚಿಪ್ ಕಾರ್ಖಾನೆಯ ದುಬಾರಿ ಯಂತ್ರಗಳಿಲ್ಲದೆ ದೊಡ್ಡ ಗಾಜಿನ ಮೇಲೂ ಬಾಗಿದ ಮೇಲ್ಮೈ ಮೇಲೂ ಈ ಕೆಲಸ ಮಾಡಬಹುದು. ಇಂಥ ಗಾಜಿಗೆ ವಿದ್ಯುತ್ ಕೊಟ್ಟರೆ ಅದು ಬಿಸಿಯೇರಿ ಮೇಲೆ ಕೂತ ಮಂಜನ್ನು ಓಡಿಸುತ್ತದೆ.

ಬಿಸಿಯಿಂದ ಕರೆಂಟು

ಎಂಜಿನ್ ಆಗಲಿ, ಕಾರ್ಖಾನೆಯ ಕುಲುಮೆಯಾಗಲಿ, ಸುಟ್ಟ ಇಂಧನದ ಬಹುಪಾಲು ಶಾಖವಾಗಿ ಗಾಳಿಗೆ ಹೋಗುತ್ತದೆ. ಒಂದು ಬದಿ ಬಿಸಿ, ಇನ್ನೊಂದು ಬದಿ ತಂಪು ಇದ್ದರೆ ಕೆಲವು ವಸ್ತುಗಳಲ್ಲಿ ವಿದ್ಯುತ್ ಹುಟ್ಟುತ್ತದೆಂಬ ಸಂಗತಿಯನ್ನು ಜರ್ಮನಿಯ ಸೀಬೆಕ್ 1821ರಲ್ಲೇ ಕಂಡುಕೊಂಡಿದ್ದ. 1977ರಲ್ಲಿ ಹಾರಿದ ವಾಯೇಜರ್ ನೌಕೆಗಳಿಗೆ ವಿದ್ಯುತ್ ಒದಗಿಸಿದ್ದು ಇದೇ ತತ್ತ್ವ.

ಹಾಗಿದ್ದರೆ ನಮ್ಮ ಲಾರಿ, ಬಸ್ಸುಗಳ ಹೊಗೆಕೊಳವೆಗೆ ಇದನ್ನೇಕೆ ಜೋಡಿಸಿಲ್ಲ? ತೊಡಕು ವಸ್ತುವಿನಲ್ಲಿದೆ. ಅದರಲ್ಲಿ ವಿದ್ಯುತ್ ಸಲೀಸಾಗಿ ಹರಿಯಬೇಕು, ಶಾಖ ಮಾತ್ರ ಹರಿಯಬಾರದು. ನಿಸರ್ಗದಲ್ಲಿ ಇವೆರಡೂ ಸಾಮಾನ್ಯವಾಗಿ ಜೊತೆಯಲ್ಲೇ ಸಾಗುತ್ತವೆ. ವಸ್ತುವಿನ ಯೋಗ್ಯತೆಯನ್ನು ಝಡ್‌ಟಿ ಎಂಬ ಅಂಕಿಯಿಂದ ಅಳೆಯುತ್ತಾರೆ. ದಶಕಗಳ ಕಾಲ ಅದು 1ರ ಆಸುಪಾಸಿನಲ್ಲೇ ನಿಂತಿತ್ತು.

ರಾವ್ ಅವರ ಬಳಿ ಪಿಎಚ್‌ಡಿ ಮಾಡಿ ಜಕ್ಕೂರಿನಲ್ಲಿ ಅಧ್ಯಾಪಕರಾದ ಕನಿಷ್ಕ ಬಿಸ್ವಾಸ್ ಅವರ ತಂಡ ಬೆಳ್ಳಿ, ಆಂಟಿಮನಿ ಮತ್ತು ಟೆಲ್ಯುರಿಯಂಗಳ ಒಂದು ಸಂಯುಕ್ತವನ್ನು ಕೈಗೆತ್ತಿಕೊಂಡಿತು. ಅದರೊಳಗೆ ಬೆಳ್ಳಿ, ಆಂಟಿಮನಿಯ ಪರಮಾಣುಗಳು ಗೊತ್ತುಗುರಿಯಿಲ್ಲದೆ ಒಂದರ ಜಾಗದಲ್ಲಿ ಇನ್ನೊಂದು ಕೂತಿರುತ್ತವೆ, ವಿದ್ಯುತ್ ತಡವರಿಸುತ್ತದೆ. ತಂಡ ಅದಕ್ಕೆ ತುಸು ಕ್ಯಾಡ್ಮಿಯಂ ಸೇರಿಸಿತು. ಪರಮಾಣುಗಳು ಅಲ್ಲಲ್ಲಿ, ಕೆಲವೇ ನ್ಯಾನೊಮೀಟರ್ ಅಗಲದ ತುಣುಕುಗಳಲ್ಲಿ, ಸಾಲುಗೂಡಿದವು. ವಿದ್ಯುತ್ತಿನ ದಾರಿ ಸುಗಮವಾಯಿತು. ಆ ತುಣುಕುಗಳೇ ಶಾಖದ ಅಲೆಗಳನ್ನು ಚದುರಿಸಿದವು. 300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಝಡ್‌ಟಿ 2.6 ಮುಟ್ಟಿತು. 2021ರಲ್ಲಿ ‘ಸೈನ್ಸ್’ ಪತ್ರಿಕೆ ಈ ಪ್ರಬಂಧವನ್ನು ಪ್ರಕಟಿಸಿತು. ಅದೇ ವರ್ಷ ಬಿಸ್ವಾಸ್ ಅವರಿಗೆ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿಯೂ ಬಂತು.

ಉಪ್ಪಿನ ಧಾತುವಿನ ಬ್ಯಾಟರಿ

ವಿದ್ಯುತ್ತನ್ನು ಹುಟ್ಟಿಸಿದರೆ ಸಾಲದು, ಕೂಡಿಡಲೂ ಬೇಕು. ಇಂದಿನ ಬ್ಯಾಟರಿಗಳ ಜೀವಾಳವಾದ ಲಿಥಿಯಂಗೆ ಭಾರತ ಹೊರದೇಶಗಳ ಮುಂದೆ ಕೈಚಾಚಬೇಕಾಗಿದೆ. ಮಂಡ್ಯ ಜಿಲ್ಲೆಯಲ್ಲಿ ಲಿಥಿಯಂ ಸಿಕ್ಕಿತೆಂದು ಕೆಲವು ವರ್ಷಗಳ ಹಿಂದೆ ಸಂಭ್ರಮಪಟ್ಟೆವು. ಪರಮಾಣು ಖನಿಜ ನಿರ್ದೇಶನಾಲಯ ಅಂದಾಜಿಸಿದ ಪ್ರಮಾಣ ಕೇವಲ 1,600 ಟನ್. ಸೋಡಿಯಂ ಹಾಗಲ್ಲ, ಸಮುದ್ರವಿದ್ದಲ್ಲೆಲ್ಲ ಇದೆ. ಆದರೆ ಅದರ ಅಯಾನು ಲಿಥಿಯಂನದಕ್ಕಿಂತ ದಪ್ಪ. ವಿದ್ಯುದ್ವಾರದೊಳಗೆ ನುಗ್ಗಿ ಹೊರಬರಲು ತಿಣುಕುತ್ತದೆ, ಅದರಿಂದ ಚಾರ್ಜಿಂಗ್ ನಿಧಾನ.

ಪ್ರೇಮ್‌ಕುಮಾರ್ ಸೆಂಗುಟ್ಟುವನ್ ಅವರ ತಂಡ ಇದಕ್ಕೆ ಮೂರು ಉಪಾಯ ಹೂಡಿತು. ಋಣಧ್ರುವದ ವಸ್ತುವನ್ನು ನ್ಯಾನೊ ಗಾತ್ರದ ಕಣಗಳಾಗಿಸಿ ಅಯಾನು ಸಾಗಬೇಕಾದ ದೂರವನ್ನು ತಗ್ಗಿಸಿತು. ಕಣಗಳಿಗೆ ಇಂಗಾಲದ ಹೊದಿಕೆ ತೊಡಿಸಿತು. ಹರಳಿನೊಳಗೆ ತುಸು ಅಲ್ಯೂಮಿನಿಯಂ ಬೆರೆಸಿತು. 2025ರಲ್ಲಿ ತಂಡ ಮಂಡಿಸಿದ ಫಲಿತಾಂಶದಂತೆ ಈ ಬ್ಯಾಟರಿ 6 ನಿಮಿಷದಲ್ಲಿ ಶೇ 80ರಷ್ಟು ಚಾರ್ಜ್ ಆಗುತ್ತದೆ, 3,000ಕ್ಕೂ ಹೆಚ್ಚು ಸಲ ಚಾರ್ಜ್ ಮಾಡಿದರೂ ತಾಳುತ್ತದೆ.

ಬಿಸಿಲಿಗೆ ಬಗ್ಗದ ಸುಣ್ಣ

ಮಾಳಿಗೆಗೆ ಬಿಳಿ ಬಳಿದರೆ ಮನೆ ತಂಪೆಂದು ಕಲಬುರಗಿ, ರಾಯಚೂರಿನವರಿಗೆ ಯಾರೂ ಹೇಳಬೇಕಿಲ್ಲ. ಆದರೆ ಮಾಮೂಲಿ ಬಿಳಿ ಪೇಂಟ್‌ನಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ಬಿಸಿಲಿನ ಅತಿನೇರಳೆ ಕಿರಣಗಳನ್ನು ಹೀರಿ ಬೆಚ್ಚಗಾಗುತ್ತದೆ. ಬಿವಾಸ್ ಸಾಹಾ ಅವರ ತಂಡ ಅದರ ಬದಲು ಮೆಗ್ನೀಸಿಯಂ ಆಕ್ಸೈಡ್‌ನ ನ್ಯಾನೊ ಕಣಗಳನ್ನು ಪಿವಿಡಿಎಫ್ ಎಂಬ ಪಾಲಿಮರ್‌ನಲ್ಲಿ ಬೆರೆಸಿತು. ಈ ಲೇಪ ಬಿಸಿಲಿನ ಶೇ 96.3ರಷ್ಟನ್ನು ಹಿಂದಕ್ಕೆ ಚಿಮ್ಮಿಸುತ್ತದೆ.

ಅದು ಅರ್ಧ ಕೆಲಸ ಮಾತ್ರ. ವಾತಾವರಣದಲ್ಲಿ 8ರಿಂದ 13 ಮೈಕ್ರೊಮೀಟರ್ ಅಲೆಯುದ್ದದ ಅವಕೆಂಪು ಕಿರಣಗಳಿಗೆ ಹೆಚ್ಚಿನ ತಡೆಯಿಲ್ಲ. ಲೇಪ ತನ್ನ ಶಾಖವನ್ನು ಆ ಅಲೆಯುದ್ದದಲ್ಲಿ ಹೊರಸೂಸಿದರೆ ಅದು ನೇರ ಆಕಾಶಕ್ಕೆ ಪಾರಾಗುತ್ತದೆ. ಉರಿಬಿಸಿಲಿನಲ್ಲಿ ಲೇಪ ಹಚ್ಚಿದ ಮೇಲ್ಮೈಯ ತಾಪಮಾನ ಸುಮಾರು 10 ಡಿಗ್ರಿಯಷ್ಟು ಇಳಿದದ್ದು ದಾಖಲಾಗಿದೆ. ಇದಕ್ಕೆ ಫ್ಯಾನ್ ಬೇಡ, ಕರೆಂಟ್ ಬೇಡ.

ಪ್ರಯೋಗಶಾಲೆಯ ಗೇಟಿನಾಚೆ

ಇಷ್ಟೆಲ್ಲ ಆದರೂ ಈ ಬಣ್ಣ ನಾಳೆಯೇ ಪೇಂಟ್ ಅಂಗಡಿಗೆ ಬರುವುದಿಲ್ಲ. ಪ್ರಯೋಗಶಾಲೆಯ ಅಂಕಿಗಳು ಗ್ರಾಂ ಲೆಕ್ಕದ ಮಾದರಿಗಳವು. ಟನ್ ಲೆಕ್ಕದಲ್ಲಿ ತಯಾರಿಸುವಾಗ ಗುಣ ಕೆಡಬಾರದು. ಬಿಸಿಯಿಂದ ಕರೆಂಟು ಹುಟ್ಟಿಸುವ ಸಂಯುಕ್ತದಲ್ಲಿನ ಟೆಲ್ಯುರಿಯಂ ಅಪರೂಪದ್ದು, ಕ್ಯಾಡ್ಮಿಯಂ ವಿಷ. ಲೇಪದ ಮೇಲೆ ಧೂಳು ಕೂತರೆ ಬಿಸಿಲನ್ನು ಚಿಮ್ಮಿಸುವ ಗುಣ ಕುಗ್ಗುತ್ತದೆ. ಇವನ್ನು ನೀಗಿಸಲು ಹಲವು ವರ್ಷಗಳ ದುಡಿಮೆ, ಹಣ, ಧೈರ್ಯ ಬೇಕು. ಈ ಸಂಶೋಧನೆಗೆ ಆಗಿರುವ ಖರ್ಚು ನಮ್ಮ ತೆರಿಗೆಯದು. ಅದನ್ನು ಸರಕಾಗಿಸುವ ಹೊಣೆಯನ್ನು ಪೀಣ್ಯ, ಬೊಮ್ಮಸಂದ್ರದ ಉದ್ಯಮಿಗಳು ಹೊರಬೇಕು. ಪ್ರಬಂಧ ಪ್ರಕಟವಾದ ಸುದ್ದಿ ಓದಿ ಹೆಮ್ಮೆಪಟ್ಟು ಸುಮ್ಮನಾದರೆ, ಇಲ್ಲಿ ಹುಟ್ಟಿದ ವಿದ್ಯೆಯನ್ನು ಹೊರಗಿನವರಿಂದ ದುಬಾರಿ ಬೆಲೆಗೆ ಕೊಳ್ಳುವ ಪಾಡು ನಮ್ಮದಾಗುತ್ತದೆ.

ವಿದ್ಯಾರ್ಥಿಗಳಿಗೆ ಮಾತ್ರ ಈ ಕೇಂದ್ರದ ಬಾಗಿಲು ಈಗಲೇ ತೆರೆದಿದೆ. ವಿಜ್ಞಾನ, ಎಂಜಿನಿಯರಿಂಗ್ ಓದುವವರಿಗೆ ಬೇಸಿಗೆ ರಜೆಯಲ್ಲಿ ಎರಡು ತಿಂಗಳ ಸಂಶೋಧನಾ ಫೆಲೋಶಿಪ್ ಇದೆ, ಬಿಎಸ್‌ಸಿ ಮುಗಿಸಿದವರಿಗೆ ಇಂಟಿಗ್ರೇಟೆಡ್ ಪಿಎಚ್‌ಡಿ ಇದೆ. ಅರ್ಜಿ ಹಾಕಲು ದೊಡ್ಡ ಊರಿನ ದೊಡ್ಡ ಕಾಲೇಜಿನಲ್ಲೇ ಓದುತ್ತಿರಬೇಕೆಂಬ ನಿಯಮವೇನೂ ಇಲ್ಲ. ಶಿರಸಿಯಲ್ಲೋ ಸಿಂಧನೂರಿನಲ್ಲೋ ಬಿಎಸ್‌ಸಿ ಓದುತ್ತಿರುವ ಮಗ ಮಗಳು ನಿಮ್ಮ ಮನೆಯಲ್ಲಿದ್ದರೆ, ಮುಂದಿನ ಬೇಸಿಗೆಗೆ ಒಂದು ಅರ್ಜಿ ಹಾಕಿಸಿ.