ಗ್ರಂಥಾಲಯಗಳ ಸಹಕಾರವೂ ಚೆನ್ನೈಯ ಕನ್ನಡ ಪುಸ್ತಕಗಳೂ

ಎಗ್ಮೋರಿನ ಕನ್ನೆಮರಾ ಗ್ರಂಥಾಲಯದ ಮುಂದೆ ಹಾದುಹೋಗುವ ನಮ್ಮವರಲ್ಲಿ ಎಷ್ಟು ಮಂದಿ ಒಳಗೆ ಕಾಲಿರಿಸಿದ್ದಾರು? 1954ರ ಕಾಯಿದೆಯ ಪ್ರಕಾರ ಭಾರತದಲ್ಲಿ ಪ್ರಕಟವಾಗುವ ಪ್ರತಿಯೊಂದು ಪುಸ್ತಕದ ಒಂದು ಪ್ರತಿಯನ್ನು ಪ್ರಕಾಶಕರು ಅಲ್ಲಿಗೆ ಕಳುಹಿಸತಕ್ಕದ್ದು. ಆದುದರಿಂದ ಧಾರವಾಡದ ಕಾದಂಬರಿಗೂ ಉಡುಪಿಯ ಯಕ್ಷಗಾನ ಪ್ರಸಂಗಕ್ಕೂ ಈ ತಮಿಳು ನಗರದಲ್ಲಿ ಕಾಯಿದೆಯೇ ಒಂದು ಸ್ಥಾನವನ್ನಿತ್ತಿದೆ. ಅದಕ್ಕೂ ಮೊದಲು, ಬಳ್ಳಾರಿಯ ಬಹುಭಾಗವು 1953ರ ವರೆಗೂ ದಕ್ಷಿಣ ಕನ್ನಡವು 1956ರ ವರೆಗೂ ಮದರಾಸು ಆಡಳಿತಕ್ಕೆ ಒಳಪಟ್ಟಿದ್ದುವು. ಅಲ್ಲಿನ ಮುದ್ರಕರು 1867ರ ಕಾಯಿದೆಯಂತೆ ತಮ್ಮ ಪುಸ್ತಕಗಳನ್ನು ಮದರಾಸು ಸರಕಾರಕ್ಕೇ ಒಪ್ಪಿಸಬೇಕಾಗಿದ್ದಿತು. ಸರಕಾರಿ ಪ್ರಾಚ್ಯ ಹಸ್ತಪ್ರತಿ ಭಂಡಾರದಲ್ಲಿರುವ ಕನ್ನಡದ ಓಲೆಗರಿಗಳು ಬೇರೆ.

ಇಷ್ಟೆಲ್ಲ ಇದ್ದರೂ ಹತ್ತು ತಾಸು ದುಡಿದು ಮಲಗುವ ಹೋಟೆಲು ಕೆಲಸಗಾರನು ಅವನ್ನು ಓದುವುದೆಂತು? ಪುಸ್ತಕವನ್ನು ಸ್ಕ್ಯಾನ್ ಮಾಡಿ ಡಿಜಿಟಲ್ ರೂಪದಲ್ಲಿಟ್ಟರೆ ಅದು ಅವನ ಮೊಬೈಲಿಗೇ ಬಂದೀತು. ಆದರೆ ಯಾವ ಗ್ರಂಥಾಲಯಕ್ಕೂ ಎಲ್ಲವನ್ನೂ ತಾನೊಂದೇ ಮಾಡುವ ಹಣವಿಲ್ಲ. ಒಂದೇ ಬೀದಿಯ ನಾಲ್ಕು ಹೋಟೆಲಿನವರೂ ಉದ್ದನ್ನೇ ರುಬ್ಬುತ್ತ ಕುಳಿತು, ಚಟ್ನಿಗೆ ಕಾಯಿ ತರುವವರೇ ಇಲ್ಲವೆಂದರೆ ಹೇಗೆ? ಆದುದರಿಂದ ವಿಶ್ವವಿದ್ಯಾನಿಲಯಗಳ ಗ್ರಂಥಾಲಯಗಳು ಮೊದಲು ತಮ್ಮ ಪಟ್ಟಿಗಳನ್ನು ಕೂಡಿಸಿ, ಯಾವುದು ಎಲ್ಲಿದೆ, ಯಾವುದು ಶಿಥಿಲವಾಗಿದೆ, ಯಾವುದನ್ನು ಯಾರು ಕೈಗೊಳ್ಳತಕ್ಕದ್ದು ಎಂಬುದನ್ನು ನಿಶ್ಚಯಿಸುತ್ತವೆ.

ಇದಕ್ಕೆ ಒಂದು ಮಾದರಿ ನಮ್ಮ ನಗರದಲ್ಲಿಯೇ ಇದೆ. ಕೊಟ್ಟೈಯೂರಿನ ರೋಜಾ ಮುತ್ತಯ್ಯ ಚೆಟ್ಟಿಯಾರರು ಜೀವಮಾನವಿಡೀ ಸಂಗ್ರಹಿಸಿದ ತಮಿಳು ಪುಸ್ತಕ, ಪತ್ರಿಕೆ, ನಾಟಕದ ಕರಪತ್ರಗಳನ್ನು ಅವರ ನಿಧನಾನಂತರ ಷಿಕಾಗೋ ವಿಶ್ವವಿದ್ಯಾನಿಲಯವು ಕೊಂಡುಕೊಂಡಿತು, ಆದರೆ ಹಡಗಿಗೇರಿಸಲಿಲ್ಲ. 1994ರಲ್ಲಿ ಇಲ್ಲಿಯೇ ಅದಕ್ಕೊಂದು ಸಂಶೋಧನ ಗ್ರಂಥಾಲಯವೇರ್ಪಟ್ಟು, ಮೊದಲು ಮೈಕ್ರೋಫಿಲ್ಮ್, ಬಳಿಕ ಡಿಜಿಟಲ್ ಪ್ರತಿಗಳು ಸಿದ್ಧವಾದುವು. ಮೂಲ ನಮ್ಮ ನೆಲದಲ್ಲಿ, ಪ್ರತಿ ಎಲ್ಲರಿಗೂ. ಇದಕ್ಕಿಂತ ನ್ಯಾಯವಾದ ಒಪ್ಪಂದವು ನನಗೆ ತೋರದು. ಇದೇ ದಾರಿಯಲ್ಲಿ ಹಲವು ದೇಶಗಳ ಗ್ರಂಥಾಲಯಗಳು ಚಂದಾ ಕೂಡಿಸಿ, ಆಯ್ಕೆಯನ್ನು ಕೂಡಿಯೇ ನಡೆಸಿ, ದಕ್ಷಿಣ ಏಷ್ಯಾದ ಹಳೆಯ ಮುದ್ರಿತ ಸಾಮಗ್ರಿಯ ಒಂದು ಮುಕ್ತ ಭಂಡಾರವನ್ನು 2019ರಲ್ಲಿ ತೆರೆದುವು. ಅದನ್ನು ಓದಲು ಕಾಸು ಕೊಡಬೇಕಾಗಿಲ್ಲ.

ಹಣದಷ್ಟೇ ತೊಡಕಿನದು ಹಕ್ಕಿನ ಪ್ರಶ್ನೆ. ಕಿಟ್ಟೆಲರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಕರ್ತೃ 1903ರಲ್ಲಿಯೇ ತೀರಿಕೊಂಡರು. ಅದನ್ನು ಯಾರೂ ಡಿಜಿಟಲ್ ಮಾಡಬಹುದು. ಅದೇ ನಿಘಂಟನ್ನು ಶ್ರೀ ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ವಿಸ್ತರಿಸಲು, ಮದರಾಸು ವಿಶ್ವವಿದ್ಯಾನಿಲಯವು 1968ರಿಂದ 1971ರ ವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದಿತು. ಕರ್ತೃವಿನ ಮರಣಾನಂತರ 60 ವರ್ಷಗಳ ವರೆಗೆ ಹಕ್ಕು ಉಳಿಯುವುದರಿಂದ ಇದಕ್ಕೆ ಹಕ್ಕುದಾರರ ಅನುಮತಿ ಬೇಕು. ಚೆನ್ನೈಯಲ್ಲಿ ಸಿದ್ಧವಾದ ಕನ್ನಡದ ಈ ಮಹಾಕಾರ್ಯದ ಸುದ್ದಿ ನಮ್ಮಲ್ಲಿಯೇ ಅನೇಕರಿಗೆ ತಿಳಿಯದು.

ರಾಷ್ಟ್ರಮಟ್ಟದಲ್ಲಿ ಈ ಹೊಂದಾಣಿಕೆಯನ್ನು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಸಂಸ್ಥೆಯು ನಡೆಸುತ್ತಿದೆ. 2025ರಲ್ಲಿ ಆರಂಭವಾದ ಏಕ ಚಂದಾ ಯೋಜನೆಗೆ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ಮಂಜೂರಾಗಿದೆ; ಅದರ ಫಲ ಸರಕಾರಿ ವಿದ್ಯಾಸಂಸ್ಥೆಗಳವರಿಗೆ. ನಮ್ಮ ವಾಚಕರಿಗೆ ಹೆಚ್ಚು ಹತ್ತಿರವಾದುದು ಅದೇ ಸಂಸ್ಥೆಯ ಶೋಧಗಂಗಾ. ವಿಶ್ವವಿದ್ಯಾನಿಲಯಗಳು ಒಪ್ಪಿಸುವ ಪಿಎಚ್.ಡಿ. ಪ್ರಬಂಧಗಳು, ಕನ್ನಡದಲ್ಲಿ ಬರೆದವೂ ಸೇರಿ, ಅಲ್ಲಿ ಎಲ್ಲರಿಗೂ ಲಭ್ಯ. ಗುರುತಿನ ಚೀಟಿಯನ್ನು ಯಾರೂ ಕೇಳುವುದಿಲ್ಲ.

ಆದರೆ ಚೆನ್ನೈಯ ಕಪಾಟುಗಳಲ್ಲಿರುವ ಹಳೆಯ ಕನ್ನಡ ಪುಸ್ತಕಗಳ ಸರದಿ ಯಾರದು? ತಮಿಳು ಗ್ರಂಥಾಲಯವು ತಮಿಳನ್ನು ಮೊದಲು ಕೈಗೊಳ್ಳುವುದು ಸಹಜ; ಅದನ್ನು ಆಕ್ಷೇಪಿಸಲಾಗದು. ಬೆಂಗಳೂರಿನವರು ತಮ್ಮಲ್ಲಿರುವುದನ್ನೇ ಮೊದಲು ನೋಡಿಯಾರು. ನಡುವೆ ಉಳಿಯುವುದು ಇಲ್ಲಿನ ಪಾಲು. ಅದನ್ನು ಯೋಜನೆಗೆ ಸೇರಿಸಬೇಕಾದರೆ ಮೊದಲು ಹೆಸರು, ಮುದ್ರಣಾಲಯ, ವರ್ಷ, ಪುಟ, ಸದ್ಯದ ಸ್ಥಿತಿ ಎಂಬ ಐದು ಕಲಮುಗಳ ಪಟ್ಟಿಯೊಂದು ಬೇಕು. ಅಂಥದನ್ನು ಬರೆಯುವುದು ನಮ್ಮ ಗುಮಾಸ್ತ ಬಂಧುಗಳಿಗೆ ಹೊಸ ವಿದ್ಯೆಯೇನಲ್ಲ. ಇಲ್ಲಿನ ಕನ್ನಡ ಸಂಘಗಳ ಸ್ಮರಣ ಸಂಚಿಕೆಗಳಿಂದಲೇ ಅದನ್ನು ತೊಡಗಬಹುದು. ಅವುಗಳಲ್ಲಿ ಹೆಚ್ಚಿನವು ಕನ್ನೆಮರಾದ ಬಾಗಿಲನ್ನು ಕಂಡಿರಲಾರವು, ಯಾರದೋ ಮನೆಯ ಟ್ರಂಕಿನಲ್ಲಿರುತ್ತವೆ.