ದಮ್ಮಿನ ಮಗುವಿಗೆ ಪಂಪಿನ ಭಯ ಬೇಡ

ಕಬ್ಬು ನುರಿಸುವ ಹಂಗಾಮು ಶುರುವಾದರೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಸಂಜೆಯ ಗಾಳಿಯೇ ಬದಲಾಗುತ್ತದೆ. ಕಟಾವು ಮುಗಿದ ಹೊಲದಲ್ಲಿ ಉಳಿದ ಒಣ ಗರಿಗೆ, ಅಂದರೆ ರವದಿಗೆ, ಬೆಂಕಿ ಬೀಳುತ್ತದೆ. ಅದರ ಕರಿ ಬೂದಿ ಹಾರಿಬಂದು ಒಣಹಾಕಿದ ಅರಿವೆಗಳ ಮೇಲೆ ಕೂರುತ್ತದೆ. ಜತೆಗೆ ಚಳಿಯೂ ಇಳಿಯುತ್ತದೆ. ಕೊಣ್ಣೂರಿನಂಥ ಊರಿನಲ್ಲಿ ದಮ್ಮಿರುವ ಮಗುವನ್ನು ಸಾಕುವ ತಾಯಿಗೆ ಆತಂಕದ ದಿನಗಳಿವು. ಹಗಲೆಲ್ಲ ಆಡಿಕೊಂಡಿದ್ದ ಕೂಸು ನಸುಕಿನಲ್ಲಿ ಕೆಮ್ಮುತ್ತ ಎದ್ದು ಕೂರುತ್ತದೆ. ಎದೆಯಲ್ಲಿ ಸೀಟಿ ಊದಿದಂಥ ಸಪ್ಪಳ. ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ನಡುವಿನ ಚರ್ಮ ಒಳಕ್ಕೆ ಎಳೆದುಕೊಳ್ಳುತ್ತದೆ.

ದಮ್ಮು, ಅಂದರೆ ಅಸ್ತಮಾ, ಮಗುವಿಗೆ ಬಂದರೂ ಅದನ್ನು ಅನುಭವಿಸುವುದು ಇಡೀ ಮನೆ. ಅವ್ವನಿಗೆ ನಿದ್ದೆ ಇಲ್ಲ. ಗಿರಣಿಯ ಪಾಳಿಗೋ ಕಬ್ಬಿನ ಕೆಲಸಕ್ಕೋ ಹೋಗಬೇಕಾದ ಅಪ್ಪನಿಗೆ ಆ ದಿನದ ಪಗಾರ ಇಲ್ಲ. ಗೋಕಾಕದ ಆಸ್ಪತ್ರೆಯಲ್ಲಿ ಮಾಸ್ಕ್ ಹಾಕಿಸಿ, ಮಂಜಿನಂತೆ ಬರುವ ಔಷಧ ಕೊಡಿಸಿಕೊಂಡು ಬಂದರೆ ನಾಲ್ಕು ದಿನ ನಿರಾಳ. ಹೆಚ್ಚಾದರೆ ಬೆಳಗಾವಿಯ ದಾರಿ. ಮಗುವಿಗೆ ಶಾಲೆ ತಪ್ಪುತ್ತದೆ, ಆಟದ ಪಿರಿಯಡ್‌ನಲ್ಲಿ ಬದಿಗೆ ಕೂರುವುದು ರೂಢಿಯಾಗುತ್ತದೆ. ಹೆಣ್ಣುಮಗುವಾದರೆ ಹಿರಿಯರಿಗೆ ಇನ್ನೊಂದು ಚಿಂತೆ: ‘ಮಂದಿಗೆ ಗೊತ್ತಾದ್ರ ಮುಂದ ಲಗ್ನಕ್ಕ ತೊಂದ್ರಿ ಆಗ್ತೈತಿ.’

ಈ ಓಡಾಟದಲ್ಲಿ ಒಂದು ಸಂಗತಿ ಕೈತಪ್ಪುತ್ತದೆ. ದಮ್ಮು ರಾತ್ರಿ ಬಂದು ಬೆಳಿಗ್ಗೆ ಹೋಗುವ ಕಾಯಿಲೆಯಲ್ಲ. ಶ್ವಾಸನಾಳದ ಒಳಪದರದ ಉರಿಯೂತ ಮಗು ನಗುತ್ತ ಓಡಾಡುವ ದಿನಗಳಲ್ಲೂ ಇರುತ್ತದೆ. ಹೊಗೆ, ಧೂಳು, ಪರಾಗ, ನೆಗಡಿ, ಥಂಡಿ ಗಾಳಿ ತಗುಲಿದಾಗ ನಾಳದ ಸುತ್ತಲ ಸ್ನಾಯು ಬಿಗಿದುಕೊಂಡು, ಕಫ ತುಂಬಿ, ದಾರಿ ಕಿರಿದಾಗುತ್ತದೆ. ಆದ್ದರಿಂದ ಔಷಧವೂ ಎರಡು ಬಗೆ. ಸಾಲ್ಬುಟಮಾಲ್ ಬಿಗಿದ ಸ್ನಾಯುವನ್ನು ಆ ಕ್ಷಣಕ್ಕೆ ಸಡಿಲಿಸುತ್ತದೆ. ಬುಡೆಸೊನೈಡ್‌ನಂಥ ಸ್ಟೀರಾಯ್ಡ್ ಪಂಪು (ಇನ್ಹೇಲರ್) ಉರಿಯೂತವನ್ನು ಮೆಲ್ಲಗೆ ಇಳಿಸುತ್ತದೆ. ನಮ್ಮ ಮನೆಗಳಲ್ಲಿ ಮೊದಲನೆಯದಕ್ಕೆ ಓಡುತ್ತೇವೆ, ಎರಡನೆಯದನ್ನು ಮಗು ಆರಾಮಾದ ಕೂಡಲೇ ಬಿಟ್ಟುಬಿಡುತ್ತೇವೆ.

ಬಿಡುವುದಕ್ಕೆ ಕಾರಣ ಭಯ. ‘ಪಂಪ್ ಹಚ್ಚಬ್ಯಾಡ್ರಿ, ಚಟಾ ಬೀಳ್ತೈತಿ’ ಎನ್ನುವ ಮಾತು ಕೇಳದ ತಾಯಿ ಅಪರೂಪ. ಪಂಪಿನಿಂದ ಮೈಗೆ ಹೋಗುವ ಔಷಧ ಎಷ್ಟೆಂದು ಲೆಕ್ಕ ಹಾಕಿ ನೋಡಿ. ಸಾಲ್ಬುಟಮಾಲ್ ಪಂಪಿನ ಒಂದು ಒತ್ತಿಗೆ ಬರುವುದು 100 ಮೈಕ್ರೊಗ್ರಾಂ. ಅದೇ ಔಷಧದ 4 ಮಿಲಿಗ್ರಾಂ ಗುಳಿಗೆಯಲ್ಲಿರುವುದು ಅದರ 40 ಪಟ್ಟು. ಗುಳಿಗೆ ರಕ್ತದಲ್ಲಿ ಬೆರೆತು ಮೈಯೆಲ್ಲ ಸುತ್ತುತ್ತದೆ, ಪಂಪಿನ ಔಷಧ ನೇರ ಪುಪ್ಪುಸಕ್ಕೆ ಇಳಿಯುತ್ತದೆ. ಸ್ಟೀರಾಯ್ಡ್ ಪಂಪಿಗೆ ಅಡ್ಡಪರಿಣಾಮವೇ ಇಲ್ಲ ಎಂದಲ್ಲ. ಅದನ್ನು ವರ್ಷಗಟ್ಟಲೆ ಬಳಸಿದ ಮಕ್ಕಳ ಎತ್ತರ ದೊಡ್ಡವರಾದಾಗ ಸರಾಸರಿ 1.2 ಸೆಂಟಿಮೀಟರ್ ಕಡಿಮೆ ಇದ್ದುದನ್ನು ಅಮೆರಿಕದ ಅಧ್ಯಯನವೊಂದು 2012ರಲ್ಲಿ ವರದಿ ಮಾಡಿತು. ಉಸಿರು ಕಟ್ಟುವ ರಾತ್ರಿಗಳ ಎದುರು ಇದು ಸಣ್ಣ ಬೆಲೆ.

ಚಿಕ್ಕ ಮಕ್ಕಳಿಗೆ ಪಂಪನ್ನು ನೇರ ಬಾಯಿಗೆ ಒತ್ತಿದರೆ ಔಷಧ ಗಂಟಲಲ್ಲೇ ಉಳಿಯುತ್ತದೆ. ಅದಕ್ಕೆ ಪಂಪಿಗೂ ಬಾಯಿಗೂ ನಡುವೆ ಹಿಡಿಯುವ ಸ್ಪೇಸರ್ ಕೊಳವೆ ಬೇಕು. ಕೊಳ್ಳಲಾಗದಿದ್ದರೂ ದಾರಿಯಿದೆ. ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳದಲ್ಲಿ ಪಂಪಿನ ಬಾಯಿ ಬಿಗಿಯಾಗಿ ಕೂರುವಷ್ಟು ತೂತು ಕೊರೆದರೆ ಅದೂ ಕೆಲಸ ಮಾಡುತ್ತದೆ ಎಂದು ದಕ್ಷಿಣ ಆಫ್ರಿಕಾದ ಮಕ್ಕಳ ವೈದ್ಯೆ ಹೆದರ್ ಜಾರ್ ಮತ್ತು ಸಂಗಡಿಗರು 1999ರಲ್ಲಿ ತೋರಿಸಿದರು. ಪಂಪನ್ನು ಚೆನ್ನಾಗಿ ಅಲ್ಲಾಡಿಸಿ ಕೂರಿಸಬೇಕು, ಬಾಟಲಿಯ ಬಾಯಿಯನ್ನು ಮಗು ತುಟಿಯಿಂದ ಮುಚ್ಚಿಕೊಳ್ಳಬೇಕು, ಒಮ್ಮೆ ಒತ್ತಿ ನಾಲ್ಕೈದು ಉಸಿರು ನಿಧಾನ ಎಳೆಸಬೇಕು. ತೀರ ಚಿಕ್ಕ ಕೂಸಿಗೆ ಮಾಸ್ಕ್ ಬೇಕಾಗುತ್ತದೆ. ಸ್ಟೀರಾಯ್ಡ್ ಪಂಪಾದರೆ ಆಮೇಲೆ ಬಾಯಿ ಮುಕ್ಕಳಿಸುವುದನ್ನು ಮರೆಯಬಾರದು.

ಭರವಸೆಗೆ ಜನ ಬೇರೆ ದಾರಿಗಳನ್ನೂ ಹುಡುಕುತ್ತಾರೆ. ಮೃಗಶಿರಾ ಮಳೆ ಕೂಡುವ ದಿನ ಹೈದರಾಬಾದಿನಲ್ಲಿ ದಮ್ಮಿಗೆಂದು ಕೊಡುವ ಮೀನಿನ ಮದ್ದಿಗೆ ಸಾಲು ನಿಲ್ಲುತ್ತದೆ. ನಂಬಿಕೆ ಅವರವರದು. ಆದರೆ ಆ ಮದ್ದು ನುಂಗಿಸಿದೆವೆಂದು ದಿನದ ಪಂಪನ್ನು ನಿಲ್ಲಿಸಿದರೆ ಅಪಾಯ ಮಗುವಿಗೆ.

ದಮ್ಮಿನ ಕಾಟ ನಮ್ಮ ಸೀಮೆಗಷ್ಟೇ ಅಲ್ಲ. ಬೆಂಗಳೂರಿನ ಮಕ್ಕಳ ಉಸಿರಾಟ ತಜ್ಞ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ ಮಕ್ಕಳನ್ನು ಎರಡು ದಶಕ ಗಮನಿಸಿದರು. 1979ರಲ್ಲಿ ಶೇ 9ರಷ್ಟಿದ್ದ ಅಸ್ತಮಾ 1999ಕ್ಕೆ ಶೇ 29.5ಕ್ಕೆ ಏರಿತ್ತು. ವಾಹನದ ಹೊಗೆ, ನಗರದ ಬೆಳವಣಿಗೆಯತ್ತ ಅವರು ಬೊಟ್ಟು ಮಾಡಿದ್ದರು. ಇನ್ನೂ ಕಳವಳದ ಅಂಕಿ ದೇಶದ್ದು: ಜಗತ್ತಿನ ಅಸ್ತಮಾ ರೋಗಿಗಳಲ್ಲಿ ಸುಮಾರು ಶೇ 13 ಮಂದಿ ಭಾರತದವರು, ಅಸ್ತಮಾ ಸಾವುಗಳಲ್ಲಿ ಭಾರತದ ಪಾಲು ಶೇ 40ಕ್ಕೂ ಹೆಚ್ಚು. ಉರಿಯೂತ ಇಳಿಸುವ ಪಂಪು ತಲುಪದಿರುವುದು, ತಲುಪಿದರೂ ಬಳಸದಿರುವುದು ಇದರ ಹಿಂದಿರುವ ದೊಡ್ಡ ಕಾರಣ.

ಊರಲ್ಲೇ ಆಗಬಹುದಾದ ಕೆಲಸ ಬಹಳಿದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿ, ಸರಕಾರಿ ಶಾಲೆಗಳಿಗೆ ಬರುತ್ತದೆ. ಉಬ್ಬಸ ಅದರ ತಪಾಸಣೆ ಪಟ್ಟಿಯಲ್ಲೇ ಇದೆ. ಆ ದಿನ ಮಗುವಿನ ರಾತ್ರಿ ಕೆಮ್ಮಿನ ಸಂಗತಿ ಮುಚ್ಚಿಡದೆ ಹೇಳಿ. ವರ್ಗದ ಗುರುಗಳ ಬಳಿ ಒಂದು ಸಾಲ್ಬುಟಮಾಲ್ ಪಂಪು, ಅದನ್ನು ಬಳಸುವ ಚೀಟಿ ಇರಲಿ. ರವದಿ ಸುಡುವ ಬದಲು ಯಂತ್ರದಿಂದ ಪುಡಿ ಮಾಡಿ ಹೊಲಕ್ಕೇ ಹಾಸಿದರೆ ಭೂಮಿಗೂ ಹಿತ. ಮನೆಯೊಳಗೆ ಬೀಡಿ, ಒಲೆಯ ಹೊಗೆ, ಸೊಳ್ಳೆ ಬತ್ತಿ ಬೇಡ.

ಮಗು ಮಾತು ಪೂರ್ತಿ ಆಡಲಾಗದೆ ಏದುಸಿರು ಬಿಟ್ಟರೆ, ತುಟಿ ನೀಲಿಗಟ್ಟಿದರೆ ಬೆಳಗಾಗಲಿ ಎಂದು ಕಾಯಬೇಡಿ. ಸಾಲ್ಬುಟಮಾಲ್ ಕೊಡುತ್ತಲೇ 108ಕ್ಕೆ ಕರೆ ಮಾಡಿ. ಮುಂದಿನ ಸಲ ಡಾಕ್ಟರ ಬಳಿ ಹೋದಾಗ ಯಾವ ಪಂಪು ದಿನಾ, ಯಾವುದು ತ್ರಾಸಾದಾಗ ಎಂದು ಕನ್ನಡದಲ್ಲಿ ಬರೆಸಿಕೊಳ್ಳಿ. ಮಗು ಆರಾಮಿದೆಯೆಂದು ದಿನದ ಪಂಪನ್ನು ಅವರನ್ನು ಕೇಳದೆ ನಿಲ್ಲಿಸಬೇಡಿ.