ಚಳಿಗೆ ನಡುಗುವ ಗಿಡಕ್ಕೆ ಫ್ಯಾನು

ಟೋಕಿಯೊದಿಂದ ಹೊರಟ ಬುಲೆಟ್ ರೈಲು ಶಿಜುಒಕಾ ಸೀಮೆ ದಾಟುವಾಗ ಕಿಟಕಿಯಾಚೆ ಚಹಾ ತೋಟಗಳು ಕಾಣುತ್ತವೆ. ಒಪ್ಪವಾಗಿ ಕತ್ತರಿಸಿದ ಹಸಿರು ಸಾಲುಗಳ ನಡುವೆ ಅಲ್ಲಲ್ಲಿ ಕಂಬ, ಕಂಬದ ತುದಿಗೊಂದು ಫ್ಯಾನು. ಹೊಸಬರು ಇವನ್ನು ಪವನ ವಿದ್ಯುತ್ ಯಂತ್ರದ ಮರಿಗಳೆಂದು ತಿಳಿಯುವುದುಂಟು. ಆದರೆ ಇವು ಕರೆಂಟು ಕೊಡುವುದಿಲ್ಲ, ತಿನ್ನುತ್ತವೆ. ಅದೂ ಮೈ ಕೊರೆಯುವ ಚಳಿಯ ರಾತ್ರಿಯಲ್ಲಿ!

ಮೋಡವಿಲ್ಲದ, ಗಾಳಿಯಾಡದ ರಾತ್ರಿ ನೆಲವೂ ಎಲೆಯೂ ತಮ್ಮ ಶಾಖವನ್ನು ನೇರ ಆಕಾಶಕ್ಕೆ ಬಿಟ್ಟುಕೊಡುತ್ತವೆ. ತಣ್ಣಗಾದ ಗಾಳಿ ಭಾರವಾಗಿ ನೆಲಕ್ಕಂಟಿ ಕೂರುತ್ತದೆ, ತಗ್ಗು ಸಿಕ್ಕರೆ ನೀರಿನಂತೆ ಅಲ್ಲಿಗೆ ಹರಿದು ಮಡುಗಟ್ಟುತ್ತದೆ. ಎದೆಮಟ್ಟದಲ್ಲಿ ನೇತುಹಾಕಿದ ಥರ್ಮಾಮೀಟರ್ 3 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿರುವಾಗಲೇ ಎಲೆಯ ಮೈ ಸೊನ್ನೆಗಿಂತ ಕೆಳಗೆ ಇಳಿದಿರಬಹುದು. ಆದರೆ ಕಂಬದೆತ್ತರದಲ್ಲಿ, ಅಂದರೆ ಆರೇಳು ಮೀಟರ್ ಮೇಲೆ, ಗಾಳಿ ಇನ್ನೂ ಕೆಲವು ಡಿಗ್ರಿ ಬೆಚ್ಚಗೇ ಇರುತ್ತದೆ. ಓರೆಯಾಗಿ ಕೆಳಮುಖ ಮಾಡಿದ ಫ್ಯಾನು ಆ ಬೆಚ್ಚನೆ ಗಾಳಿಯನ್ನು ಗಿಡಗಳ ಮೇಲೆ ತಳ್ಳುತ್ತದೆ. ಉಷ್ಣತೆ ಗೊತ್ತುಪಡಿಸಿದ ಮಟ್ಟಕ್ಕಿಳಿದರೆ ಅದು ತಾನಾಗಿಯೇ ತಿರುಗತೊಡಗುತ್ತದೆ, ರೈತ ಹಾಸಿಗೆ ಬಿಟ್ಟು ಏಳಬೇಕಿಲ್ಲ.

ಚಹಾ ನಿತ್ಯಹಸಿರು ಪೊದೆ. ನಡುಚಳಿಗಾಲದಲ್ಲಿ ಅದು ಜೀವಕೋಶಗಳಲ್ಲಿ ಸಕ್ಕರೆ ಕೂಡಿಟ್ಟುಕೊಂಡು ಗಟ್ಟಿಯಾಗಿರುತ್ತದೆ. ಅಪಾಯ ಎದುರಾಗುವುದು ವಸಂತದಲ್ಲಿ, ಚಿಗುರೊಡೆದ ಮೇಲೆ. ಎಳೆ ಚಿಗುರಿಗೆ ಮೈನಸ್ 2 ಡಿಗ್ರಿಯೇ ಸಾಕು, ಕಥೆ ಮುಗಿಯಿತು. ಮಂಜುಗಡ್ಡೆ ಮೊದಲು ಹುಟ್ಟುವುದು ಜೀವಕೋಶಗಳ ನಡುವಣ ಸಂದುಗಳಲ್ಲಿ. ಅದು ಕೋಶದೊಳಗಿನ ನೀರನ್ನು ಹೊರಗೆಳೆಯುತ್ತದೆ, ಒಣಗಿದ ಕೋಶದ ಪೊರೆ ಹರಿಯುತ್ತದೆ. ಬಿಸಿಲೇರಿ ಮಂಜು ಕರಗಿದಾಗ ಎಲೆ ನೀರಲ್ಲಿ ನೆನೆದಂತೆ ಕಾಣುತ್ತದೆ, ಆಮೇಲೆ ಕಂದಿ ಕಪ್ಪಾಗುತ್ತದೆ. ಹಾಗೆ ಹಾಳಾಗುವುದು ವರ್ಷದ ಮೊದಲ ಕೊಯ್ಲು, ಎಲ್ಲಕ್ಕಿಂತ ಹೆಚ್ಚು ಬೆಲೆ ತರುವ ಕೊಯ್ಲು. ಜಪಾನಿನವರು ಇಷ್ಟೊಂದು ಕಂಬ ನೆಟ್ಟಿದ್ದು ಸುಮ್ಮನೆ ಅಲ್ಲ.

ಫ್ಯಾನಿಗೂ ಮಿತಿಯುಂಟು. ಶೀತಗಾಳಿಯೇ ಬೀಸಿ ಬಂದರೆ ಮೇಲೂ ಕೆಳಗೂ ಒಂದೇ ಚಳಿ. ಆಗ ತಳ್ಳಲು ಬೆಚ್ಚನೆ ಗಾಳಿ ಎಲ್ಲಿಂದ ಬಂದೀತು?

ಇನ್ನೊಂದು ಉಪಾಯ ಸ್ಪ್ರಿಂಕ್ಲರ್. ಒಂದು ಗ್ರಾಂ ನೀರು ಹೆಪ್ಪುಗಟ್ಟುವಾಗ ಸುಮಾರು 80 ಕ್ಯಾಲೊರಿ ಶಾಖ ಬಿಡುತ್ತದೆ. ಹೀಗಾಗಿ ನೀರು ಚಿಮುಕಿಸುತ್ತಲೇ ಇದ್ದರೆ ಗಾಜಿನಂಥ ಮಂಜಿನ ಕವಚದೊಳಗೂ ಚಿಗುರು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಉಳಿಯುತ್ತದೆ. ನಡುರಾತ್ರಿ ಪಂಪು ಕೈಕೊಟ್ಟರೆ ಮಾತ್ರ ಗತಿ ಕೆಟ್ಟಿತು: ಅದೇ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 600 ಕ್ಯಾಲೊರಿ ಕಿತ್ತುಕೊಳ್ಳುತ್ತದೆ. ಏನೂ ಮಾಡದೆ ಬಿಟ್ಟಿದ್ದ ಗಿಡಕ್ಕಿಂತ ನೀರು ಹನಿಸಿದ ಗಿಡವೇ ಹೆಚ್ಚು ನರಳೀತು.

ಚಹಾ ಗಿಡದ ಈ ಸಂಕಟ ನಮ್ಮ ಪಕ್ಕದಲ್ಲೂ ಇದೆ. ಮೈಸೂರಿನಿಂದ ಕಲ್ಲಟ್ಟಿ ಘಾಟಿ ಹತ್ತಿ ಊಟಿಗೆ ಹೋಗುವವರಿಗೆ ತಲೈಕುಂದಾ ಗೊತ್ತಿರುತ್ತದೆ. ಜನವರಿಯ ಬೆಳಗ್ಗೆ ಅಲ್ಲಿನ ತಗ್ಗಿನ ಹುಲ್ಲು ಬಿಳಿಚಿಕೊಂಡಿರುವುದನ್ನು ನೋಡಲೆಂದೇ ಜನ ಹೋಗುತ್ತಾರೆ. ಪ್ರವಾಸಿಗೆ ಅದು ಸೆಲ್ಫಿ, ಬೆಳೆಗಾರನಿಗೆ ನಷ್ಟ. 2019ರ ಜನವರಿಯಲ್ಲಿ ಕೇರಳದ ಮುನ್ನಾರಿನಲ್ಲಿ ನೂರಾರು ಹೆಕ್ಟೇರ್ ಚಹಾ ಹೀಗೆಯೇ ಸುಟ್ಟಿತ್ತು. ನೀಲಗಿರಿಯ ಸಣ್ಣ ಬೆಳೆಗಾರರು ಸಂಜೆಯೇ ಗಿಡಗಳ ಮೇಲೆ ಒಣಹುಲ್ಲು, ಜರಿಗಿಡ ಹೊದಿಸುತ್ತಾರೆ. ಎಲೆಗೂ ಆಕಾಶಕ್ಕೂ ನಡುವೆ ಒಂದು ಮರೆ ಬಿದ್ದರೆ ಶಾಖ ಸೋರುವುದು ಕಡಿಮೆಯಾಗುತ್ತದೆ. ಮನೆಯಂಗಳದ ಪೊದೆಗೆ ಹಳೆಯ ಬೆಡ್‌ಶೀಟೂ ಆದೀತು. ಪ್ಲಾಸ್ಟಿಕ್ ಹಾಳೆಯಾದರೆ ಎಲೆಗೆ ತಾಗಬಾರದು, ತಾಗಿದಲ್ಲೆಲ್ಲ ಚಳಿ ನೇರ ಇಳಿಯುತ್ತದೆ.

ಸುಟ್ಟ ಗಿಡ ಕಂಡ ಕೂಡಲೇ ಕತ್ತರಿ ಹಿಡಿಯುವುದು ಅವಸರದ ಕೆಲಸ. ಸತ್ತ ಎಲೆಗಳೇ ಕೆಳಗಿನ ಮೊಗ್ಗುಗಳಿಗೆ ಹೊದಿಕೆ, ಮತ್ತೆ ಚಳಿ ಬಂದರೆ ಮೊದಲ ಪೆಟ್ಟು ಅವಕ್ಕೇ. ಕೊಂಬೆ ಬದುಕಿದೆಯೇ ಎಂದು ತಿಳಿಯಲು ತೊಗಟೆಯನ್ನು ಉಗುರಿನಿಂದ ಕೆರೆದರೆ ಸಾಕು: ಒಳಗೆ ಹಸಿರಿದ್ದರೆ ಜೀವ ಇದೆ, ಕಂದಿದ್ದರೆ ಅಲ್ಲಿಯವರೆಗೆ ಸತ್ತಿದೆ. ಚಳಿಯ ಭಯ ಕಳೆದು ಹೊಸ ಚಿಗುರು ಬಂದ ಮೇಲೆ, ಅದು ಹೊರಟ ಜಾಗಕ್ಕೆ ಸ್ವಲ್ಪ ಮೇಲೆ ಕತ್ತರಿಸಬಹುದು. ಯೂರಿಯಾ ಸುರಿಯುವುದೂ ಅಲ್ಲಿಯವರೆಗೆ ಬೇಡ. ಗೊಬ್ಬರದ ಬಲಕ್ಕೆ ನುಗ್ಗಿ ಬರುವ ಎಳೆ ಚಿಗುರನ್ನೇ ಮುಂದಿನ ಚಳಿ ಮೊದಲು ಸುಡುತ್ತದೆ.